ಬೆಂಗಳೂರು ಗ್ರಾಮಾಂತರ: ಹೆಸರಲ್ಲಿ ಹಳ್ಳಿ, ಲೆಕ್ಕದಲ್ಲಿ ನಗರ

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ನಾಲ್ಕು ತಾಲ್ಲೂಕುಗಳಿವೆ. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ. ಹಾಗಾದರೆ ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರದಲ್ಲಿ ಇವುಗಳಲ್ಲಿ ಎಷ್ಟಿವೆ? ಒಂದೂ ಇಲ್ಲ! ನಾಲ್ಕೂ ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಅಂದರೆ ಗ್ರಾಮಾಂತರ ಜಿಲ್ಲೆಯವರು ಗ್ರಾಮಾಂತರ ಸಂಸದರಿಗೆ ಮತ ಹಾಕುವುದಿಲ್ಲ.

ಇದು ಯಾರೋ ನಿದ್ದೆಗಣ್ಣಲ್ಲಿ ಮಾಡಿದ ಕೆಲಸವಲ್ಲ. ಹಿಂದೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಲ್ಲವೂ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ತಾಲ್ಲೂಕುಗಳೇ. 2007ರಲ್ಲಿ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದಾಗ ಇವನ್ನು ಬಿಡಿಸಿ ರಾಮನಗರ ಜಿಲ್ಲೆ ಮಾಡಿದರು. ಅದೇ ಹೊತ್ತಿಗೆ ಕ್ಷೇತ್ರ ಪುನರ್ವಿಂಗಡಣೆಯ ಕೆಲಸವೂ ನಡೆದಿತ್ತು. 2008ರಲ್ಲಿ ಹೊಸ ನಕ್ಷೆ ಜಾರಿಗೆ ಬಂತು. ಹಳೆಯ ಕನಕಪುರ ಲೋಕಸಭಾ ಕ್ಷೇತ್ರ ಹೋಗಿ ಆ ಜಾಗಕ್ಕೆ ‘ಬೆಂಗಳೂರು ಗ್ರಾಮಾಂತರ’ ಬಂತು. ಜಿಲ್ಲೆ ಒಂದು ಕಡೆ ಉಳಿಯಿತು, ಅದರ ಹೆಸರು ಹೊತ್ತ ಕ್ಷೇತ್ರ ಇನ್ನೊಂದು ಕಡೆ ಹೋಯಿತು.

ಗೊಂದಲ ಇಷ್ಟಕ್ಕೇ ಮುಗಿಯಲ್ಲ. ಬೆಂಗಳೂರು ದಕ್ಷಿಣ ಅನ್ನುವ ವಿಧಾನಸಭಾ ಕ್ಷೇತ್ರ ಇದೆಯಲ್ಲ, ಅದು ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರದಲ್ಲಿಲ್ಲ. ಅದು ಇರುವುದು ಬೆಂಗಳೂರು ಗ್ರಾಮಾಂತರದಲ್ಲಿ. ಸಾಲದ್ದಕ್ಕೆ 2025ರಲ್ಲಿ ರಾಮನಗರ ಜಿಲ್ಲೆಯ ಹೆಸರನ್ನೇ ‘ಬೆಂಗಳೂರು ದಕ್ಷಿಣ’ ಎಂದು ಬದಲಾಯಿಸಲಾಯಿತು. ಈಗ ಅದೇ ಹೆಸರಿನ ಒಂದು ಜಿಲ್ಲೆ, ಒಂದು ಲೋಕಸಭಾ ಕ್ಷೇತ್ರ, ಒಂದು ವಿಧಾನಸಭಾ ಕ್ಷೇತ್ರ ಇವೆ. ಮೂರೂ ಬೇರೆ ಬೇರೆ ಜಾಗ. ಹೊರಗಿನಿಂದ ಬರುವ ವರದಿಗಾರರು ಎಡವುವುದು ಇಲ್ಲೇ.

ಹೆಸರು ಏನೇ ಇರಲಿ, ಈ ಕ್ಷೇತ್ರದ ರಾಜಕೀಯ ಗೊತ್ತಾಗಬೇಕಾದರೆ ಒಂದು ವಿಷಯ ನೆನಪಿಟ್ಟುಕೊಂಡರೆ ಸಾಕು. ಇದು ಹಳ್ಳಿಯ ಕ್ಷೇತ್ರದ ಹಾಗೆ ಪ್ರಚಾರ ನಡೆಯುವ, ನಗರದ ಕ್ಷೇತ್ರದ ಹಾಗೆ ಫಲಿತಾಂಶ ಬರಬಹುದಾದ ಜಾಗ. ಇಲ್ಲಿ ಗೆದ್ದವರೂ ಸೋತವರೂ ಬಹಳ ಸಲ ಮರೆತಿದ್ದು ಇದನ್ನೇ.

ಎಂಟು ಊರು, ಮೂರು ಜಿಲ್ಲೆ

ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ. ಕನಕಪುರ, ರಾಮನಗರ, ಚನ್ನಪಟ್ಟಣ, ಮಾಗಡಿ. ಈ ನಾಲ್ಕು ಹಳೆಯ ರಾಮನಗರ ಜಿಲ್ಲೆಯವು. ಕುಣಿಗಲ್ ತುಮಕೂರು ಜಿಲ್ಲೆಯದು. ಇನ್ನು ರಾಜರಾಜೇಶ್ವರಿ ನಗರ, ಬೆಂಗಳೂರು ದಕ್ಷಿಣ ಮತ್ತು ಆನೇಕಲ್ ಬೆಂಗಳೂರು ನಗರ ಜಿಲ್ಲೆಯವು. ಆನೇಕಲ್ ಪರಿಶಿಷ್ಟ ಜಾತಿಗೆ ಮೀಸಲು.

ಎಂಟರಲ್ಲಿ ಐದು ಹಳ್ಳಿ ಕಡೆಯವು, ಮೂರು ನಗರದವು. ಹಾಗಂದ ಮಾತ್ರಕ್ಕೆ ಹಳ್ಳಿಯದೇ ಮೇಲುಗೈ ಅಂದುಕೊಳ್ಳಬೇಡಿ. ಲೆಕ್ಕ ನೋಡಿ. ಕನಕಪುರ, ಚನ್ನಪಟ್ಟಣ, ರಾಮನಗರ, ಮಾಗಡಿ, ಕುಣಿಗಲ್ ಒಂದೊಂದರಲ್ಲೂ ಮತದಾರರು ಎರಡು ಲಕ್ಷ ಚಿಲ್ಲರೆ. ಬೆಂಗಳೂರು ದಕ್ಷಿಣ ಒಂದರಲ್ಲೇ ಸುಮಾರು ಏಳು ಲಕ್ಷ. ರಾಜ್ಯದಲ್ಲೇ ಅತಿ ಹೆಚ್ಚು ಮತದಾರರಿರುವ ವಿಧಾನಸಭಾ ಕ್ಷೇತ್ರ ಅದು. ಒಬ್ಬ ಶಾಸಕರ ಪಾಲಿಗೆ ಮೂರು ಕನಕಪುರದಷ್ಟು ಜನ! 2024ರಲ್ಲಿ ಇಡೀ ಲೋಕಸಭಾ ಕ್ಷೇತ್ರದಲ್ಲಿ ಸುಮಾರು 28 ಲಕ್ಷ ಮತದಾರರಿದ್ದರು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ನಗರದ ಈ ಮೂರು ಕ್ಷೇತ್ರಗಳವರು.

ಇದು ಹೇಗಾಯಿತು? ಕ್ಷೇತ್ರದ ಗಡಿ ಹಾಕಿದ್ದು 2001ರ ಜನಗಣತಿ ಹಿಡಿದುಕೊಂಡು. ಆಗ ಎಂಟೂ ಕ್ಷೇತ್ರಗಳ ಜನಸಂಖ್ಯೆ ಹೆಚ್ಚುಕಡಿಮೆ ಸರಿದೂಗುವ ಹಾಗೆ ಗೆರೆ ಎಳೆದರು. ಆಮೇಲೆ ಬೆಂಗಳೂರು ಬನ್ನೇರುಘಟ್ಟ ರಸ್ತೆ, ಕನಕಪುರ ರಸ್ತೆ, ಹೊಸೂರು ರಸ್ತೆ ಹಿಡಿದು ದಕ್ಷಿಣಕ್ಕೆ ಹರಿಯಿತು. ರಾಗಿ ಹೊಲ ಇದ್ದಲ್ಲಿ ಬಡಾವಣೆ ಬಂತು, ಬಡಾವಣೆ ಪಕ್ಕ ಅಪಾರ್ಟ್‌ಮೆಂಟ್ ಎದ್ದಿತು. ಆನೇಕಲ್ ತಾಲ್ಲೂಕಿನ ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆ ಕೈಗಾರಿಕಾ ಪ್ರದೇಶಗಳಿಗೆ ಕೆಲಸ ಹುಡುಕಿಕೊಂಡು ಉತ್ತರ ಕರ್ನಾಟಕದಿಂದಲೂ ಹೊರ ರಾಜ್ಯಗಳಿಂದಲೂ ಜನ ಬಂದರು. ಗೆರೆ ಮಾತ್ರ ಇದ್ದಲ್ಲೇ ಇದೆ. 2019ರಿಂದ 2024ರ ನಡುವಿನ ಐದೇ ವರ್ಷದಲ್ಲಿ ಮತದಾರರ ಪಟ್ಟಿಗೆ ಹತ್ತಿರ ಹತ್ತಿರ ಮೂರು ಲಕ್ಷ ಹೆಸರು ಸೇರಿದವು. ಒಂದು ಕನಕಪುರಕ್ಕಿಂತ ಜಾಸ್ತಿ.

ಇಷ್ಟಾದರೂ ಹಳ್ಳಿಯ ಮತಕ್ಕೆ ಇನ್ನೊಂದು ಬಲ ಇದೆ. ಕನಕಪುರ, ಚನ್ನಪಟ್ಟಣದ ಕಡೆ ಮತದಾನ ಶೇ 80 ದಾಟುವುದು ಮಾಮೂಲು. ಮುದುಕರನ್ನು ಬೈಕ್ ಮೇಲೆ ಕೂರಿಸಿಕೊಂಡು ಬಂದು ಮತ ಹಾಕಿಸುವ ಊರುಗಳು. ಯಾರು ಬಂದರು, ಯಾರು ಬರಲಿಲ್ಲ ಅನ್ನುವುದು ಮಧ್ಯಾಹ್ನದೊಳಗೆ ಬೂತ್ ಮುಂದೆ ಕೂತ ಕಾರ್ಯಕರ್ತರಿಗೆ ಬಾಯಿಪಾಠ. ಅದೇ ನಗರದ ಭಾಗದಲ್ಲಿ ಅರ್ಧಕ್ಕಿಂತ ಸ್ವಲ್ಪ ಮೇಲೆ ಹೋದರೆ ದೊಡ್ಡದು. ಹೀಗಾಗಿ ಪಟ್ಟಿಯಲ್ಲಿ ನಗರ ದೊಡ್ಡದು, ಮತಗಟ್ಟೆಯಲ್ಲಿ ಹಳ್ಳಿ ಎದ್ದು ಕಾಣುತ್ತದೆ. ಎರಡರ ಮಧ್ಯದ ಈ ಜಗ್ಗಾಟವೇ ಇಲ್ಲಿನ ಫಲಿತಾಂಶ.

ಕನಕಪುರವಾಗಿದ್ದ ಕಾಲ

ಕನಕಪುರ ಲೋಕಸಭಾ ಕ್ಷೇತ್ರದ ಚುನಾವಣೆ ಶುರುವಾಗಿದ್ದು 1967ರಲ್ಲಿ. ಮೊದಲು ಗೆದ್ದವರು ಕಾಂಗ್ರೆಸ್ಸಿನ ಎಂ.ವಿ. ರಾಜಶೇಖರನ್. 1971ರಲ್ಲಿ ಸಿ.ಕೆ. ಜಾಫರ್ ಷರೀಫ್ ಗೆದ್ದರು. ಮುಂದೆ ರೈಲ್ವೆ ಮಂತ್ರಿಯಾದ ಅದೇ ಜಾಫರ್ ಷರೀಫ್. ಬೆಂಗಳೂರು ಉತ್ತರಕ್ಕೆ ಹೋಗುವ ಮೊದಲು ಅವರು ಲೋಕಸಭೆಗೆ ಹೋಗಿದ್ದು ಕನಕಪುರದಿಂದ. ಆಮೇಲೆ ಎಂ.ವಿ. ಚಂದ್ರಶೇಖರ ಮೂರ್ತಿಯವರ ಕಾಲ. 1977ರಿಂದ 1991ರ ತನಕ ಐದು ಚುನಾವಣೆ, ಐದೂ ಅವರದೇ. ದೇಶದಲ್ಲಿ ಇಂದಿರಾ ಗಾಂಧಿ ಸೋತ 1977ರಲ್ಲೂ ಇಲ್ಲಿ ಕಾಂಗ್ರೆಸ್ ಗೆದ್ದಿತು.

ಆದರೆ ವಿಧಾನಸಭೆಯ ಕಥೆ ಬೇರೆ. ಲೋಕಸಭೆಗೆ ಕಾಂಗ್ರೆಸ್ಸನ್ನು ಕಳಿಸುತ್ತಿದ್ದ ಇದೇ ಜನ ಇಲ್ಲಿ ಜನತಾ ಪರಿವಾರವನ್ನು ಸಾಕಿದರು. 1983ರಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದಾಗ ಅವರಿಗೆ ವಿಧಾನಸಭೆಯಲ್ಲಿ ಸೀಟು ಬೇಕಿತ್ತು. ಪಿ.ಜಿ.ಆರ್. ಸಿಂಧ್ಯ ಕನಕಪುರವನ್ನು ಬಿಟ್ಟುಕೊಟ್ಟರು, ಹೆಗಡೆ ಉಪಚುನಾವಣೆಯಲ್ಲಿ ಗೆದ್ದರು. 1994ರಲ್ಲಿ ಎಚ್.ಡಿ. ದೇವೇಗೌಡರು ರಾಮನಗರದಿಂದ ಗೆದ್ದು ಮುಖ್ಯಮಂತ್ರಿಯಾದರು, ಅಲ್ಲಿಂದ 1996ರಲ್ಲಿ ಪ್ರಧಾನಿ ಪಟ್ಟಕ್ಕೆ ಹೋದರು. ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯ ಈ ಮಣ್ಣಿನವರೇ. ಕುಮಾರಸ್ವಾಮಿಯವರನ್ನೂ ಸೇರಿಸಿದರೆ ಈ ಒಂದು ಸೀಮೆಯ ನಂಟಿರುವ ಮುಖ್ಯಮಂತ್ರಿಗಳ ಸಾಲು ಉದ್ದವೇ ಇದೆ. ‘ನಮ್ಮ ಮತ ಹಾಕಿದರೆ ಮುಖ್ಯಮಂತ್ರಿ ಮಾಡಿದ ಹಾಗೆ’ ಅನ್ನುವ ಹೆಮ್ಮೆ ಇಲ್ಲಿನ ಪ್ರಚಾರದಲ್ಲಿ ಇವತ್ತಿಗೂ ಕೆಲಸ ಮಾಡುತ್ತದೆ. ಸಂಸದರ ಚುನಾವಣೆಯಲ್ಲೂ ಮಾತು ಸುತ್ತಿ ಸುತ್ತಿ ಮುಖ್ಯಮಂತ್ರಿ ಕುರ್ಚಿಗೇ ಬಂದು ನಿಲ್ಲುತ್ತದೆ.

1996ರಲ್ಲಿ ಕುಮಾರಸ್ವಾಮಿ ಜನತಾ ದಳದಿಂದ ಕನಕಪುರ ಲೋಕಸಭೆ ಗೆದ್ದರು. ಅದು ಅವರ ಮೊದಲ ಚುನಾವಣೆ. ಎರಡೇ ವರ್ಷಕ್ಕೆ, 1998ರಲ್ಲಿ, ಎಂ. ಶ್ರೀನಿವಾಸ್ ಇಲ್ಲಿ ಬಿಜೆಪಿಯಿಂದ ಗೆದ್ದರು. ದಳ ಮತ್ತು ಕಾಂಗ್ರೆಸ್ಸಿನ ಕೋಟೆ ಅಂದುಕೊಂಡಿದ್ದ ಜಾಗದಲ್ಲಿ ಬಿಜೆಪಿ ಹೇಗೆ ಗೆದ್ದಿತು? ಉತ್ತರ ಉತ್ತರಹಳ್ಳಿಯಲ್ಲಿತ್ತು. ಆಗಿನ ಉತ್ತರಹಳ್ಳಿ ವಿಧಾನಸಭಾ ಕ್ಷೇತ್ರ ದೇಶದ ಅತಿ ದೊಡ್ಡ ವಿಧಾನಸಭಾ ಕ್ಷೇತ್ರಗಳಲ್ಲಿ ಒಂದು. ಬೆಂಗಳೂರಿನ ಸುತ್ತ ಬೆಳೆದ ಹೊಸ ಬಡಾವಣೆಗಳೆಲ್ಲ ಅದರ ಹೊಟ್ಟೆಯಲ್ಲಿದ್ದವು. ಆರ್. ಅಶೋಕ ರಾಜಕೀಯವಾಗಿ ಬೆಳೆದಿದ್ದೂ ಅಲ್ಲಿಂದಲೇ. ಹಳ್ಳಿಯ ಮತ ಎರಡಾಗಿ ಒಡೆದರೆ ಉತ್ತರಹಳ್ಳಿಯ ಮತವೇ ಸಂಸದರನ್ನು ಆರಿಸಬಲ್ಲದು ಅನ್ನುವುದು 1998ರಲ್ಲೇ ಗೊತ್ತಾಗಿಹೋಗಿತ್ತು. 2024ರ ಫಲಿತಾಂಶ ಬಂದ ದಿನ ‘ಯಾರೂ ಊಹಿಸಿರಲಿಲ್ಲ’ ಎಂದು ಟಿವಿಯಲ್ಲಿ ಹೇಳುತ್ತಿದ್ದರಲ್ಲ, 26 ವರ್ಷ ಮೊದಲೇ ಒಂದು ಸಣ್ಣ ಮಾದರಿ ಬಂದು ಹೋಗಿತ್ತು.

ಎರಡು ಮನೆ, ಒಂದು ಕಣ

ಇನ್ನು ಎಲ್ಲರಿಗೂ ಇಷ್ಟವಾಗುವ ಭಾಗಕ್ಕೆ ಬರೋಣ. ದೇವೇಗೌಡರ ಕುಟುಂಬ ಮತ್ತು ಡಿಕೆ ಸಹೋದರರ ಜಿದ್ದು.

ಇದು ಶುರುವಾಗಿದ್ದು 1985ರಲ್ಲಿ, ಸಾತನೂರಿನಲ್ಲಿ. ಆಗ ಸಾತನೂರು ಪ್ರತ್ಯೇಕ ವಿಧಾನಸಭಾ ಕ್ಷೇತ್ರ. ದೇವೇಗೌಡರ ಎದುರು ಕಾಂಗ್ರೆಸ್ ಒಬ್ಬ ಯುವಕನನ್ನು ನಿಲ್ಲಿಸಿತು. ಆ ಯುವಕ ಡಿ.ಕೆ. ಶಿವಕುಮಾರ್. ಸೋತರು. ಗೌಡರು ಆ ಸಲ ಹೊಳೆನರಸೀಪುರದಲ್ಲೂ ಗೆದ್ದಿದ್ದರಿಂದ ಸಾತನೂರನ್ನು ಬಿಟ್ಟುಕೊಟ್ಟರು. 1989ರಲ್ಲಿ ಶಿವಕುಮಾರ್ ಸಾತನೂರು ಗೆದ್ದರು. 1999ರಲ್ಲಿ ಅದೇ ಸಾತನೂರಿನಲ್ಲಿ ಕುಮಾರಸ್ವಾಮಿಯನ್ನು ಸೋಲಿಸಿದರು.

ಅದೇ 1999ರಲ್ಲಿ ದೇವೇಗೌಡರು ಹಾಸನದಲ್ಲಿ ಸೋತಿದ್ದರು. ಕನಕಪುರದ ಸಂಸದರಾಗಿ ಆ ವರ್ಷ ಮತ್ತೆ ಗೆದ್ದು ಬಂದಿದ್ದ ಚಂದ್ರಶೇಖರ ಮೂರ್ತಿ ತೀರಿಕೊಂಡಾಗ 2002ರಲ್ಲಿ ಉಪಚುನಾವಣೆ ಬಂತು. ಎಸ್.ಎಂ. ಕೃಷ್ಣ ಮುಖ್ಯಮಂತ್ರಿ, ಶಿವಕುಮಾರ್ ಅವರ ಸಂಪುಟದ ಮಂತ್ರಿ. ಮಾಜಿ ಪ್ರಧಾನಿಯ ಎದುರು ಶಿವಕುಮಾರ್ ಅವರನ್ನೇ ಕಣಕ್ಕಿಳಿಸಿದರು. ಗೌಡರು ಗೆದ್ದರು. ಸೋಲಿನಿಂದ ಸುಮ್ಮನಾಗುವ ಜಾಯಮಾನ ಶಿವಕುಮಾರ್ ಅವರದಲ್ಲ. 2004ರಲ್ಲಿ ಗೌಡರು ಹಾಸನ ಮತ್ತು ಕನಕಪುರ ಎರಡೂ ಕಡೆ ನಿಂತರು. ಕನಕಪುರದಲ್ಲಿ ಕಾಂಗ್ರೆಸ್ ನಿಲ್ಲಿಸಿದ್ದು ಟಿವಿ ಪತ್ರಕರ್ತೆಯಾಗಿದ್ದ ತೇಜಸ್ವಿನಿ ಗೌಡ ಅವರನ್ನು. ಚುನಾವಣೆಗೆ ಹೊಸಬರು. ಗೆದ್ದೇ ಬಿಟ್ಟರು. ಮಾಜಿ ಪ್ರಧಾನಿಯನ್ನು ಮೊದಲ ಸಲ ನಿಂತವರು ಸೋಲಿಸಿದ ಸುದ್ದಿ ದೇಶವೆಲ್ಲ ಓಡಾಡಿತು. ಗೌಡರು ಹಾಸನದಿಂದ ಲೋಕಸಭೆಗೆ ಹೋದರು.

ಇಲ್ಲಿ ಒಂದು ಮಾತು. ಈ ಕಥೆಯನ್ನು ಸುಮ್ನೆ ಎರಡು ಮನೆಗಳ ಜಗಳ ಎಂದು ಹೇಳಿ ಮುಗಿಸಿದರೆ ಅರ್ಧ ಮಾತ್ರ ಹೇಳಿದ ಹಾಗೆ. ಎರಡೂ ಕಡೆಯವರು ಒಕ್ಕಲಿಗ ನಾಯಕರು, ಈ ಸೀಮೆಯಲ್ಲಿ ಒಕ್ಕಲಿಗರೇ ದೊಡ್ಡ ಸಮುದಾಯ. ಹಾಗಾಗಿ ಜಗಳ ಇರುವುದು ಸಮುದಾಯದ ಮುಂದಾಳು ಯಾರು ಅನ್ನುವುದರ ಮೇಲೆ. ಆದರೆ ಒಕ್ಕಲಿಗರ ಮತ ಎರಡು ಪಾಲಾದಾಗ ಗೆಲುವನ್ನು ನಿರ್ಧರಿಸುವವರು ಉಳಿದವರು. ದಲಿತರು, ರಾಮನಗರ ಮತ್ತು ಚನ್ನಪಟ್ಟಣ ಪಟ್ಟಣಗಳ ಮುಸ್ಲಿಮರು, ಲಿಂಗಾಯತರು, ಕುರುಬರು, ತಿಗಳರು. ಡಿಕೆ ಸಹೋದರರು ಬಲ ಕಟ್ಟಿಕೊಂಡಿದ್ದು ಈ ಲೆಕ್ಕದ ಮೇಲೆ. ಸ್ವಂತ ಸಮುದಾಯದ ಒಂದು ಪಾಲು, ಅದರ ಜೊತೆ ಇವರೆಲ್ಲ.

ಆರು ಚುನಾವಣೆಯ ಕೂಡುವ ಲೆಕ್ಕ

ಹೊಸ ಹೆಸರಿನ ಕ್ಷೇತ್ರದಲ್ಲಿ ಮೊದಲ ಚುನಾವಣೆ 2009ರಲ್ಲಿ. ಜೆಡಿಎಸ್‌ನಿಂದ ಕುಮಾರಸ್ವಾಮಿ, ಬಿಜೆಪಿಯಿಂದ ಸಿ.ಪಿ. ಯೋಗೇಶ್ವರ್, ಕಾಂಗ್ರೆಸ್ಸಿನಿಂದ ತೇಜಸ್ವಿನಿ. ಕುಮಾರಸ್ವಾಮಿ ಸುಮಾರು 1.30 ಲಕ್ಷ ಮತಗಳ ಅಂತರದಲ್ಲಿ ಗೆದ್ದರು. ಆಗ ಸಂಸದರಾಗಿದ್ದ ತೇಜಸ್ವಿನಿ ಮೂರನೇ ಸ್ಥಾನಕ್ಕೆ ಹೋದರು. ಮುಂದೆ ‘ಕಾಂಗ್ರೆಸ್ಸಿನ ಭದ್ರಕೋಟೆ’ ಅನಿಸಿಕೊಂಡ ಕ್ಷೇತ್ರದಲ್ಲಿ ಕಾಂಗ್ರೆಸ್ ಆ ವರ್ಷ ಮೂರನೆಯದು ಅನ್ನುವುದನ್ನು ಬಹಳ ಜನ ಮರೆತಿದ್ದಾರೆ.

2013ರಲ್ಲಿ ಕುಮಾರಸ್ವಾಮಿ ರಾಮನಗರದಿಂದ ವಿಧಾನಸಭೆಗೆ ಗೆದ್ದು ಸಂಸದ ಸ್ಥಾನ ಬಿಟ್ಟರು. ಆಗಸ್ಟ್‌ನಲ್ಲಿ ಉಪಚುನಾವಣೆ. ಜೆಡಿಎಸ್ ಅನಿತಾ ಕುಮಾರಸ್ವಾಮಿಯವರನ್ನು ನಿಲ್ಲಿಸಿತು. ಬಿಜೆಪಿ ಅಭ್ಯರ್ಥಿ ಹಾಕದೆ ಅವರ ಬೆನ್ನಿಗೆ ನಿಂತಿತು. ಕಾಂಗ್ರೆಸ್ಸಿನಿಂದ ಶಿವಕುಮಾರ್ ತಮ್ಮ ಡಿ.ಕೆ. ಸುರೇಶ್. ಅಲ್ಲಿಯ ತನಕ ಅಣ್ಣನ ಚುನಾವಣೆ ನೋಡಿಕೊಳ್ಳುತ್ತಿದ್ದವರು ಮೊದಲ ಸಲ ತಾವೇ ನಿಂತರು. ಸುಮಾರು 1.37 ಲಕ್ಷದ ಅಂತರದ ಗೆಲುವು.

2014ರಲ್ಲಿ ಮೋದಿ ಅಲೆಯ ನಡುವೆಯೂ ಸುರೇಶ್ 2.31 ಲಕ್ಷದ ಅಂತರದಲ್ಲಿ ಗೆದ್ದರು. ಆದರೆ ಈ ಫಲಿತಾಂಶವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸುರೇಶ್‌ಗೆ ಸಿಕ್ಕಿದ್ದು ಸುಮಾರು 6.52 ಲಕ್ಷ ಮತ. ಬಿಜೆಪಿಯ ಪಿ. ಮುನಿರಾಜು ಗೌಡರಿಗೆ 4.21 ಲಕ್ಷ. ಜೆಡಿಎಸ್‌ನ ಪ್ರಭಾಕರ ರೆಡ್ಡಿಯವರಿಗೆ 3.17 ಲಕ್ಷ. ಬಿಜೆಪಿ ಮತ್ತು ಜೆಡಿಎಸ್ ಮತ ಕೂಡಿಸಿ ನೋಡಿ. 7.38 ಲಕ್ಷ! ಅಂದರೆ ಅಷ್ಟು ದೊಡ್ಡ ಗೆಲುವಿನ ವರ್ಷದಲ್ಲೂ ವಿರೋಧಿಗಳ ಒಟ್ಟು ಮತ ಸುರೇಶ್ ಮತಕ್ಕಿಂತ ಜಾಸ್ತಿ ಇತ್ತು. ಅವು ಬೇರೆ ಬೇರೆ ಇದ್ದವು, ಅಷ್ಟೇ.

2019ರಲ್ಲಿ ಆಟವೇ ಬದಲು. ಕುಮಾರಸ್ವಾಮಿ ಕಾಂಗ್ರೆಸ್ ಬೆಂಬಲದಿಂದ ಮುಖ್ಯಮಂತ್ರಿ. ಜಿದ್ದಿನ ಎರಡು ಮನೆಯವರು ಒಂದೇ ವೇದಿಕೆ ಮೇಲೆ ಕೈ ಹಿಡಿದು ಎತ್ತಿದರು. ಸುರೇಶ್ ಮೈತ್ರಿ ಅಭ್ಯರ್ಥಿ. ಎದುರಿಗೆ ಬಿಜೆಪಿಯ ಅಶ್ವತ್ಥನಾರಾಯಣ ಗೌಡ. (ಮಂತ್ರಿಯಾಗಿದ್ದ ಡಾ. ಸಿ.ಎನ್. ಅಶ್ವತ್ಥನಾರಾಯಣ ಬೇರೆ, ಇವರು ಬೇರೆ.) ಮಂಡ್ಯದಲ್ಲಿ, ತುಮಕೂರಿನಲ್ಲಿ ಮೈತ್ರಿಯ ಮತ ಒಬ್ಬರಿಂದ ಒಬ್ಬರಿಗೆ ವರ್ಗವಾಗಲೇ ಇಲ್ಲ. ನಿಖಿಲ್ ಕುಮಾರಸ್ವಾಮಿ ಸೋತರು, ದೇವೇಗೌಡರೇ ಸೋತರು. ಇಲ್ಲಿ ಮಾತ್ರ ಸುರೇಶ್ 8.78 ಲಕ್ಷ ಮತ ತೆಗೆದುಕೊಂಡು 2.06 ಲಕ್ಷದ ಅಂತರದಲ್ಲಿ ಗೆದ್ದರು. ರಾಜ್ಯದ 28ರಲ್ಲಿ ಕಾಂಗ್ರೆಸ್ ಗೆದ್ದ ಒಂದೇ ಒಂದು ಸೀಟು. ‘ಕನಕಪುರದ ಬಂಡೆ’ ಅನ್ನುವ ಬಿರುದಿಗೆ ಆಗ ಇನ್ನೂ ತೂಕ ಬಂತು.

ಅದೇ ಫಲಿತಾಂಶದಲ್ಲಿ ಎಚ್ಚರಿಕೆಯೂ ಇತ್ತು. ಎರಡು ಪಕ್ಷ ಒಟ್ಟಾಗಿದ್ದರೂ ಬಿಜೆಪಿ ಮತ 4.21 ಲಕ್ಷದಿಂದ 6.71 ಲಕ್ಷಕ್ಕೆ ಏರಿತ್ತು. ಆ ಏರಿಕೆ ನಗರದ ಕಡೆಯ ಬಲ.

2023ರ ವಿಧಾನಸಭಾ ಚುನಾವಣೆಯಲ್ಲಿ ಈ ಎಂಟರಲ್ಲಿ ಐದನ್ನು ಕಾಂಗ್ರೆಸ್ ಗೆದ್ದಿತು. ಕನಕಪುರದಲ್ಲಿ ಶಿವಕುಮಾರ್ ಲಕ್ಷಕ್ಕೂ ಮೀರಿದ ಅಂತರ ಪಡೆದರು, ರಾಮನಗರದಲ್ಲಿ ನಿಖಿಲ್ ಸೋತರು. ರಾಜರಾಜೇಶ್ವರಿ ನಗರ ಮತ್ತು ಬೆಂಗಳೂರು ದಕ್ಷಿಣ ಬಿಜೆಪಿಗೆ, ಚನ್ನಪಟ್ಟಣ ಜೆಡಿಎಸ್‌ಗೆ. ಇದನ್ನು ನೋಡಿದ ಯಾರೇ ಆದರೂ 2024ರಲ್ಲಿ ಸುರೇಶ್ ಸುಲಭವಾಗಿ ಗೆಲ್ಲುತ್ತಾರೆ ಅನ್ನುತ್ತಿದ್ದರು.

ಆದರೆ ಅಷ್ಟರಲ್ಲಿ ಜೆಡಿಎಸ್ ಬಿಜೆಪಿ ಜೊತೆ ಸೇರಿತ್ತು. ಅಭ್ಯರ್ಥಿಯ ಆಯ್ಕೆಯಲ್ಲಿ ಎರಡೂ ಪಕ್ಷಗಳು ಒಂದು ಜಾಣತನ ಮಾಡಿದವು. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರಾಗಿದ್ದು ಆಗಷ್ಟೇ ನಿವೃತ್ತರಾಗಿದ್ದ ಡಾ. ಸಿ.ಎನ್. ಮಂಜುನಾಥ್ ಅವರನ್ನು ತಂದರು. ಅವರು ದೇವೇಗೌಡರ ಅಳಿಯ. ಹಳ್ಳಿಯ ದಳದ ಕಾರ್ಯಕರ್ತನಿಗೆ ‘ಗೌಡರ ಮನೆಯವರು’ ಅನ್ನುವುದು ಸಾಕಿತ್ತು. ನಗರದ ಮತದಾರನಿಗೆ ಕಮಲದ ಗುರುತು ಸಾಕಿತ್ತು. ಎರಡೂ ಅಲ್ಲದವರಿಗೆ ಜಯದೇವದ ಡಾಕ್ಟರ್ ಅನ್ನುವ ಹೆಸರು ಸಾಕಿತ್ತು. ಮೊದಲು ಚಿಕಿತ್ಸೆ, ದುಡ್ಡು ಆಮೇಲೆ ಅನ್ನುವ ಪದ್ಧತಿಯಿಂದ ಆ ಆಸ್ಪತ್ರೆ ಹೆಸರು ಮಾಡಿತ್ತು. ಅಲ್ಲಿ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದವರು ಈ ಕಡೆಯ ಊರುಗಳಲ್ಲಿ ಕಡಿಮೆ ಇಲ್ಲ. ಮಂಜುನಾಥ್ ಕಮಲದ ಬದಲು ಜೆಡಿಎಸ್‌ನ ತೆನೆ ಹೊತ್ತ ಮಹಿಳೆಯ ಗುರುತಿನಲ್ಲಿ ನಿಂತಿದ್ದರೆ ನಗರದಲ್ಲಿ ಅಷ್ಟು ಮತ ಬೀಳುತ್ತಿರಲಿಲ್ಲ ಅನ್ನುವುದು ನನ್ನ ಲೆಕ್ಕಾಚಾರ.

ಸುರೇಶ್ ಪರವಾಗಿ ಮಾತಾಡಲೂ ಕೆಲಸ ಇತ್ತು. ಪಂಚಾಯಿತಿ ಮಟ್ಟದ ತನಕ ಓಡಾಡುವ ಸಂಸದ ಎಂಬ ಹೆಸರಿತ್ತು, ಗ್ಯಾರಂಟಿ ಯೋಜನೆಗಳಿದ್ದವು. ‘ನನ್ನ ತೆರಿಗೆ ನನ್ನ ಹಕ್ಕು’ ಎಂದು ರಾಜ್ಯಕ್ಕೆ ತೆರಿಗೆ ಪಾಲಿನಲ್ಲಿ ಅನ್ಯಾಯವಾಗಿದೆ ಎನ್ನುವ ಪ್ರಶ್ನೆಯನ್ನೂ ಕಾಂಗ್ರೆಸ್ ಎತ್ತಿತ್ತು. ಅದೇ ಸಂದರ್ಭದಲ್ಲಿ, 2024ರ ಫೆಬ್ರುವರಿಯಲ್ಲಿ, ಅನ್ಯಾಯ ಹೀಗೇ ಮುಂದುವರಿದರೆ ದಕ್ಷಿಣದವರು ಪ್ರತ್ಯೇಕ ದೇಶ ಕೇಳಬೇಕಾದೀತು ಎಂಬರ್ಥದ ಸುರೇಶ್ ಅವರ ಮಾತು ದೊಡ್ಡ ವಿವಾದವಾಯಿತು. ಆಮೇಲೆ ಅವರು ಸ್ಪಷ್ಟನೆ ಕೊಟ್ಟರು. ಆದರೆ ಬಿಜೆಪಿ ಚುನಾವಣೆ ತನಕ ಆ ಮಾತನ್ನು ಬಿಡಲಿಲ್ಲ.

ಫಲಿತಾಂಶ: ಮಂಜುನಾಥ್‌ಗೆ 10,79,002 ಮತ, ಸುರೇಶ್‌ಗೆ 8,09,355. ಅಂತರ 2,69,647. ಇದರಲ್ಲಿ ನನಗೆ ಮುಖ್ಯ ಅನಿಸುವುದು ಅಂತರವಲ್ಲ. ಸುರೇಶ್ ಮತ ಎಷ್ಟು ಕಡಿಮೆಯಾಯಿತು ನೋಡಿ. ಸುಮಾರು 69 ಸಾವಿರ ಮಾತ್ರ. ಜೆಡಿಎಸ್ ಕೈಬಿಟ್ಟು ಎದುರಿಗೆ ನಿಂತರೂ ಅವರ ಮತ ಎಂಟು ಲಕ್ಷಕ್ಕಿಂತ ಕೆಳಗೆ ಹೋಗಲಿಲ್ಲ. ಬೇರೆ ಯಾವ ವರ್ಷವಾದರೂ ಅದು ಗೆಲ್ಲುವ ಮತ. ಆದರೆ ಎದುರಿನವರ ಮತ ನಾಲ್ಕು ಲಕ್ಷದಷ್ಟು ಏರಿತು. ಅದರಲ್ಲಿ ಒಂದು ಪಾಲು ದಳದಿಂದ ಬಂತು. ದೊಡ್ಡ ಲೀಡ್ ಬಂದಿದ್ದು ಮಾತ್ರ ಬೆಂಗಳೂರು ದಕ್ಷಿಣ ಮತ್ತು ರಾಜರಾಜೇಶ್ವರಿ ನಗರದಿಂದ. ಕೋಟೆ ಬಿದ್ದಿತು ಎಂದು ಬರೆದರು. ಕನಕಪುರದ ಕಡೆ ಗೋಡೆ ಅಷ್ಟೇನೂ ಅಲುಗಲಿಲ್ಲ. ಉತ್ತರದ ಕಡೆ ಗೋಡೆಯೇ ಇರಲಿಲ್ಲ.

ಹಾಗಾದರೆ ಜೆಡಿಎಸ್ ಯಾರ ಜೊತೆಗೋ ಅವರು ಗೆಲ್ಲುತ್ತಾರೆ ಅನ್ನಬಹುದಾ? 2019 ಮತ್ತು 2024 ಮಾತ್ರ ನೋಡಿದರೆ ಹೌದು ಅನಿಸುತ್ತದೆ. ಆದರೆ 2013ರ ಉಪಚುನಾವಣೆ ಅಡ್ಡ ಬರುತ್ತದೆ. ಆಗಲೂ ಬಿಜೆಪಿ ಮತ್ತು ಜೆಡಿಎಸ್ ಒಂದೇ ಕಡೆ ಇದ್ದವು, ಆದರೂ ಸೋತವು. ನನ್ನ ಪ್ರಕಾರ ವ್ಯತ್ಯಾಸ ಇಷ್ಟೇ. ಉಪಚುನಾವಣೆಗೆ ನಗರದ ಮತದಾರ ಮನೆಯಿಂದ ಹೊರಗೆ ಬರುವುದು ಕಡಿಮೆ. ಕಮಲದ ಗುರುತೂ ಮತಯಂತ್ರದ ಮೇಲೆ ಇರಲಿಲ್ಲ. ರಾಜ್ಯದಲ್ಲಿ ಆಗಷ್ಟೇ ಕಾಂಗ್ರೆಸ್ ಸರ್ಕಾರ ಬಂದಿತ್ತು. ಕೂಡುವ ಲೆಕ್ಕ ಸರಿಯಾಗಬೇಕಾದರೆ ಕೂಡಿಸಬೇಕಾದವರು ಮೊದಲು ಬೂತಿಗೆ ಬರಬೇಕು.

ಒಂದೇ ನೀರು, ಎರಡು ದೂರು

ಈ ಕ್ಷೇತ್ರದ ನಗರಕ್ಕೂ ಹಳ್ಳಿಗೂ ಸಂಬಂಧ ಏನು ಎಂದು ಕೇಳಿದರೆ ನಾನು ವೃಷಭಾವತಿಯನ್ನು ತೋರಿಸುತ್ತೇನೆ. ಬಸವನಗುಡಿಯ ಕಡೆ ಹುಟ್ಟಿ, ಮೈಸೂರು ರಸ್ತೆಯ ಪಕ್ಕ ಹರಿದು, ರಾಜರಾಜೇಶ್ವರಿ ನಗರ, ಕೆಂಗೇರಿ ದಾಟಿ ಅದು ಬಿಡದಿ ಬಳಿಯ ಬೈರಮಂಗಲ ಕೆರೆಗೆ ಬರುತ್ತದೆ. ಅಷ್ಟು ಹೊತ್ತಿಗೆ ಅದು ನದಿಯಾಗಿ ಉಳಿದಿರುವುದಿಲ್ಲ. ಬೆಂಗಳೂರಿನ ಕೊಳಚೆ ನೀರು, ಕಾರ್ಖಾನೆ ನೀರು ಸೇರಿ ಕಪ್ಪಾಗಿ ನೊರೆ ಎದ್ದಿರುತ್ತದೆ. ಆ ನೀರಿನಲ್ಲೇ ಸುತ್ತಲಿನ ರೈತರು ಮೇವು, ಬೇಬಿ ಕಾರ್ನ್ ಬೆಳೆದಿದ್ದಾರೆ. ಅಲ್ಲಿಂದ ಅರ್ಕಾವತಿ ಸೇರಿ, ಕನಕಪುರದ ಕಡೆ ಹರಿದು, ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ಸಂಗಮದಿಂದ ಸ್ವಲ್ಪ ಕೆಳಗೆ ಮೇಕೆದಾಟು.

ಅದೇ ಮೇಕೆದಾಟುವಿನಲ್ಲಿ ಅಣೆಕಟ್ಟು ಕಟ್ಟಿ ಬೆಂಗಳೂರಿಗೆ ಕುಡಿಯುವ ನೀರು ತರಬೇಕು ಎನ್ನುವುದು ರಾಜ್ಯದ ಯೋಜನೆ. 67 ಟಿಎಂಸಿ ಅಡಿ ಸಂಗ್ರಹ, 400 ಮೆಗಾವ್ಯಾಟ್ ವಿದ್ಯುತ್. ತಮಿಳುನಾಡಿನ ವಿರೋಧ ಇದೆ. 2022ರ ಜನವರಿಯಲ್ಲಿ ಕಾಂಗ್ರೆಸ್ ಪಾದಯಾತ್ರೆ ಶುರು ಮಾಡಿದ್ದು ಇದೇ ಸಂಗಮದಿಂದ. ಅಂದರೆ ಮೇಲಿನಿಂದ ನಗರದ ಕೊಳೆ ಇಳಿಯುತ್ತದೆ, ಕೆಳಗಿನಿಂದ ನಗರಕ್ಕೆ ಕುಡಿಯುವ ನೀರು ಏರಬೇಕು. ನಡುವೆ ಇರುವವರು ಕೇಳುವ ಪ್ರಶ್ನೆ: ನಮಗೇನು?

ನೀರಿನ ರಾಜಕೀಯಕ್ಕೆ ಇಲ್ಲಿ ಇನ್ನೂ ಮುಖಗಳಿವೆ. ಚನ್ನಪಟ್ಟಣದಲ್ಲಿ ಯೋಗೇಶ್ವರ್ ಪಕ್ಷದ ಮೇಲೆ ಪಕ್ಷ ಬದಲಿಸಿದರೂ ಮತ ಉಳಿಸಿಕೊಂಡಿದ್ದು ಕೆರೆಗಳಿಗೆ ನೀರು ತುಂಬಿಸಿದ ಹೆಸರಿನಿಂದ. ಶಿಂಷಾಗೆ ಅಡ್ಡಲಾಗಿ ಇಗ್ಗಲೂರು ಬ್ಯಾರೇಜ್ ಕಟ್ಟಿಸಿದ್ದು ದೇವೇಗೌಡರು ಎಂದು ದಳದವರು ನೆನಪಿಸುತ್ತಾರೆ. ನೀರನ್ನು ಕೆರೆಗೆ ತಂದವರು ಯಾರು ಅನ್ನುವ ವಾದ ಅಲ್ಲಿ ಪ್ರತಿ ಚುನಾವಣೆಗೂ ಹೊಸದಾಗಿ ನಡೆಯುತ್ತದೆ. ಕುಣಿಗಲ್ ಕಡೆ ಹೇಮಾವತಿ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯ ಜಗಳ. ಕುಣಿಗಲ್, ಮಾಗಡಿಗೆ ನೀರು ಹೋಗಲಿ ಎಂದು ಇವರು, ನಮ್ಮ ಪಾಲು ಕಡಿಮೆಯಾಗುತ್ತದೆ ಎಂದು ತುಮಕೂರಿನ ಉಳಿದ ತಾಲ್ಲೂಕಿನವರು.

ನೆಲದ ವಿಷಯವೂ ಹೀಗೇ. ಬಿಡದಿಯಲ್ಲಿ ಟೊಯೊಟಾ ಕಾರ್ಖಾನೆ 1999ರಲ್ಲಿ ಉತ್ಪಾದನೆ ಶುರು ಮಾಡಿತು. 2023ರಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾಯಿತು. ರಾಮನಗರ, ಚನ್ನಪಟ್ಟಣ ಪಟ್ಟಣಗಳಿಗೆ ಬೈಪಾಸ್ ಆಗಿ, ಹಳೆ ಹೆದ್ದಾರಿ ಬದಿಯ ಹೋಟೆಲು, ಚನ್ನಪಟ್ಟಣದ ಬೊಂಬೆ ಅಂಗಡಿಗಳಿಗೆ ಹೊಡೆತ ಬಿತ್ತು. ಬಿಡದಿ ಬಳಿ ಉಪನಗರ ಮಾಡುವ ಮಾತು ಕುಮಾರಸ್ವಾಮಿ ಮೊದಲ ಸಲ ಮುಖ್ಯಮಂತ್ರಿಯಾಗಿದ್ದಾಗಲೇ ಬಂದಿತ್ತು, ಈಗ ಶಿವಕುಮಾರ್ ಕೈಯಲ್ಲಿ ಮತ್ತೆ ಎದ್ದಿದೆ. ಬೈರಮಂಗಲ ಸುತ್ತಲಿನ ರೈತರು ಜಮೀನು ಕೊಡಲ್ಲ ಎಂದು ಧರಣಿ ಕೂತಾಗ ಎರಡೂ ಕಡೆಯವರು ‘ಶುರು ಮಾಡಿದ್ದು ನೀವು’ ಎಂದು ಬೆರಳು ತೋರಿಸಿಕೊಂಡರು. ಅದೇ ಹೊತ್ತಿಗೆ ಬೆಂಗಳೂರು ದಕ್ಷಿಣದ ಅಪಾರ್ಟ್‌ಮೆಂಟ್‌ನವರ ದೂರು ಟ್ಯಾಂಕರ್ ನೀರು, ಟ್ರಾಫಿಕ್, ಮೆಟ್ರೋ. ಇವರಿಬ್ಬರಿಗೂ ಸಂಸದರು ಒಬ್ಬರೇ. ಒಬ್ಬರ ಬೇಡಿಕೆ ಈಡೇರಿಸಿದರೆ ಇನ್ನೊಬ್ಬರ ಜಮೀನು ಹೋಗುವ ಪರಿಸ್ಥಿತಿ.

ಮುಂದೆ

2024ರ ನವೆಂಬರ್‌ನಲ್ಲಿ ಚನ್ನಪಟ್ಟಣಕ್ಕೆ ಉಪಚುನಾವಣೆ ಬಂತು. ಕುಮಾರಸ್ವಾಮಿ ಮಂಡ್ಯದ ಸಂಸದರಾಗಿ ಹೋಗಿದ್ದರು. ನಿಖಿಲ್ ಮೈತ್ರಿ ಅಭ್ಯರ್ಥಿ, ಎದುರಿಗೆ ಬಿಜೆಪಿಯಿಂದ ಕಾಂಗ್ರೆಸ್ಸಿಗೆ ಬಂದ ಯೋಗೇಶ್ವರ್. 25,413 ಮತಗಳಿಂದ ಯೋಗೇಶ್ವರ್ ಗೆದ್ದರು. ಲೋಕಸಭೆ ಸೋತು ಆರು ತಿಂಗಳೂ ಆಗಿರಲಿಲ್ಲ, ಎಂಟರಲ್ಲಿ ಆರು ಶಾಸಕರು ಕಾಂಗ್ರೆಸ್ಸಿನವರಾದರು. 2025ರಲ್ಲಿ ಡಿ.ಕೆ. ಸುರೇಶ್ ಬೆಂಗಳೂರು ಹಾಲು ಒಕ್ಕೂಟದ ಅಧ್ಯಕ್ಷರಾದರು. ಸಂಸದರಾಗಿದ್ದವರು ಹಾಲಿನ ಒಕ್ಕೂಟಕ್ಕೆ ಬಂದರು ಎಂದು ಕೆಲವರು ನಕ್ಕರು. ನಗುವ ವಿಷಯವೇನಲ್ಲ. ರಾಮನಗರ ಸೀಮೆಯಲ್ಲಿ ಬೆಳಿಗ್ಗೆ ಮತ್ತು ಸಂಜೆ ಕ್ಯಾನು ಹಿಡಿದು ಡೇರಿ ಮುಂದೆ ನಿಲ್ಲುವವರ ಸಾಲಿನಲ್ಲಿ ಇಡೀ ಊರು ಇರುತ್ತದೆ. ಹಾಲಿನ ದರ ಲೀಟರಿಗೆ ಒಂದು ರೂಪಾಯಿ ಆಚೀಚೆ ಆದರೆ ಅದು ದೆಹಲಿಯ ಭಾಷಣಕ್ಕಿಂತ ಬೇಗ ಮನೆ ತಲುಪುತ್ತದೆ. ಹಳ್ಳಿಯ ಬಲ ಗಟ್ಟಿಯಾಗಿಟ್ಟುಕೊಳ್ಳಲು ಇದಕ್ಕಿಂತ ಒಳ್ಳೆಯ ಕುರ್ಚಿ ಇಲ್ಲ. ನಗರದ ಮತ ತರಲು ಮಾತ್ರ ಇದರಿಂದ ಆಗಲ್ಲ.

ನಿಜವಾದ ಬದಲಾವಣೆ ಬರಬಹುದಾದದ್ದು ಗಡಿಯಿಂದ. ರಾಜ್ಯಗಳ ಲೋಕಸಭಾ ಸೀಟುಗಳ ಸಂಖ್ಯೆಯನ್ನು 1976ರ ತಿದ್ದುಪಡಿ ತಡೆಹಿಡಿಯಿತು. 2001ರ ತಿದ್ದುಪಡಿ ಅದನ್ನು 2026ರ ನಂತರದ ಮೊದಲ ಜನಗಣತಿಯ ತನಕ ಮುಂದಕ್ಕೆ ಹಾಕಿತು. 2027ರ ಜನಗಣತಿಯ ಅಂಕಿಅಂಶ ಬಂದ ಮೇಲೆ ಹೊಸ ಗೆರೆ ಎಳೆಯಬೇಕಾಗುತ್ತದೆ. ದಕ್ಷಿಣದ ರಾಜ್ಯಗಳಿಗೆ ಸೀಟು ಕಡಿಮೆಯಾಗುತ್ತದೆಯೇ ಅನ್ನುವ ದೊಡ್ಡ ಜಗಳ ಒಂದು ಕಡೆ. ಈ ಕ್ಷೇತ್ರದ ಮಟ್ಟಿಗೆ ಪ್ರಶ್ನೆ ಇನ್ನೂ ಸರಳ. 2024ರಲ್ಲಿ ರಾಜ್ಯದ ಒಂದು ಲೋಕಸಭಾ ಕ್ಷೇತ್ರಕ್ಕೆ ಸರಾಸರಿ ಮತದಾರರು 20 ಲಕ್ಷಕ್ಕಿಂತ ಸ್ವಲ್ಪ ಕಡಿಮೆ. ಇಲ್ಲಿನ ನಗರದ ಮೂರು ಕ್ಷೇತ್ರಗಳೇ ಹೆಚ್ಚುಕಡಿಮೆ ಅಷ್ಟರ ಹತ್ತಿರಕ್ಕೆ ಬರುತ್ತಿವೆ. ಅವನ್ನು ಬಿಡಿಸಿ ಬೇರೆ ಸೀಟು ಮಾಡಿದರೆ ಉಳಿದ ಐದು ಕ್ಷೇತ್ರಗಳಲ್ಲಿ ಇರುವುದು 11 ಲಕ್ಷ ಚಿಲ್ಲರೆ ಮತದಾರರು. ಸಂಖ್ಯೆ ತುಂಬಿಸಲು ಆ ಐದನ್ನು ಮಂಡ್ಯದ ಕಡೆ ಜೋಡಿಸುತ್ತಾರೋ, ತುಮಕೂರಿನ ಕಡೆ ಜೋಡಿಸುತ್ತಾರೋ, ಇಲ್ಲ ಬೆಂಗಳೂರಿನ ಇನ್ನೊಂದು ತುಂಡನ್ನು ತಂದು ಸೇರಿಸುತ್ತಾರೋ ನೋಡಬೇಕು. ಮೊದಲ ಎರಡರಲ್ಲಿ ಯಾವುದಾದರೂ ಆದರೆ ಗೌಡರ ಮನೆಗೂ ಡಿಕೆ ಮನೆಗೂ ಹಳೇ ಕಣ ವಾಪಸ್ ಸಿಗುತ್ತದೆ. ಮೂರನೆಯದಾದರೆ, ಈಗಿರುವ ಲೆಕ್ಕವೇ ಇನ್ನೊಂದು ಹೆಸರಿನಲ್ಲಿ ಮುಂದುವರಿಯುತ್ತದೆ.